ಹಿಂದಿನ ಸಸ್ಪೆನ್ಷನ್‌ನ ಕಟಕಟ: ರೆಂಚ್ ‘ಟಕ್’ ಎಂದ ಮಾತ್ರಕ್ಕೆ ನಟ್ ಬಿಗಿಯಾಯಿತು ಎಂದುಕೊಳ್ಳಬೇಡಿ

ರೇಸ್ ಟ್ರ್ಯಾಕ್‌ಗೆಂದೇ ಸಜ್ಜು ಮಾಡಿದ ಒಂದು ಕಾರು. ಹಿಂದಿನ ಸ್ಪ್ರಿಂಗ್ ಬದಲಿಸಿ ಎರಡು ಟ್ರ್ಯಾಕ್ ದಿನ ಕಳೆದ ಮೇಲೆ ಎಡಗಡೆಯಿಂದ ಕಟಕಟ ಶುರು. ಪಿಟ್ ಲೇನ್‌ನಲ್ಲಿ ಕೇಳುತ್ತದೆ, ಪಾರ್ಕಿಂಗ್ ಜಾಗದ ಸಣ್ಣ ಉಬ್ಬುತಗ್ಗಿನಲ್ಲಿ ಕೇಳುತ್ತದೆ, ವೇಗ ಹಿಡಿದ ಮೇಲೆ ಕೇಳುವುದಿಲ್ಲ. ಮೊದಲು ಲಿಂಕ್ ರಾಡ್ (ಆಂಟಿರೋಲ್ ಬಾರ್‌ನ ತುದಿಯನ್ನು ಸಸ್ಪೆನ್ಷನ್‌ಗೆ ಜೋಡಿಸುವ ಸಣ್ಣ ಸರಳು) ಎರಡನ್ನೂ ಬದಲಿಸಿದರು. ಶಬ್ದ ಹೋಗಲಿಲ್ಲ. ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ಆರ್ಮ್‌ನ ರಬ್ಬರ್ ಬುಷ್ ಕಿತ್ತು ಪಾಲಿಯುರೆಥೇನ್ ಹಾಕಿದರು. ಹೋಗಲಿಲ್ಲ. ಕೊನೆಗೆ ಶಾಕ್‌ಗಳನ್ನೇ (ಶಾಕ್ ಅಬ್ಸಾರ್ಬರ್) ಬಿಚ್ಚಿ ರೀಬಿಲ್ಡ್‌ಗೆ ಕಳಿಸಿದರು. ಹೊಸ ಸೀಲ್, ಹೊಸ ಆಯಿಲ್, ಹೊಸ ಗ್ಯಾಸ್ ತುಂಬಿಸಿಕೊಂಡು ಬಂದವು. ಹಾಕಿ ಓಡಿಸಿದರೆ ಮತ್ತದೇ ಕಟಕಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ.

ತಪ್ಪು ಇದ್ದದ್ದು ಎಡ ಶಾಕ್‌ನ ಮೇಲಿನ ಮೌಂಟ್‌ನಲ್ಲಿ, ಅಂದರೆ ಶಾಕ್‌ನ ರಾಡ್ ಬಾಡಿಗೆ ಕೂರುವ ಜಾಗದಲ್ಲಿ. ಸ್ಪ್ರಿಂಗ್ ಬದಲಿಸುವಾಗ ಅಲ್ಲಿನ ಒಂದು ದಪ್ಪ ವಾಷರ್ ಬಿಟ್ಟುಹೋಗಿತ್ತು. ನಟ್ ಕೆಳಗಿಳಿದು, ರಾಡ್‌ನ ಥ್ರೆಡ್ ಮುಗಿಯುವ ಜಾಗಕ್ಕೆ ಬಂದು ಕಚ್ಚಿಕೊಂಡಿತ್ತು. ಟಾರ್ಕ್ ರೆಂಚ್ (ಹೇಳಿದಷ್ಟು ಬಿಗಿಯಾದಾಗ ಸದ್ದು ಮಾಡುವ ಸ್ಪ್ಯಾನರ್) ಸರಿಯಾದ ಅಂಕಿಗೇ ‘ಟಕ್’ ಎಂದಿತ್ತು. ಆದರೆ ಆ ಬಿಗಿಯೆಲ್ಲ ನಟ್ಟಿಗೂ ರಾಡಿಗೂ ನಡುವೆಯೇ ಉಳಿದಿತ್ತು, ಮೌಂಟ್‌ಗೆ ತಲುಪಿರಲೇ ಇಲ್ಲ. ಸುಮಾರು ಒಂದು ಮಿ.ಮೀ. ಪ್ಲೇ, ಅಂದರೆ ಸಡಿಲದ ಅಲುಗಾಟ. ರೀಬಿಲ್ಡ್ ಆಗಿ ಬಂದ ಶಾಕ್ ಅನ್ನು ‘ಬಿಚ್ಚುವಾಗ ಹೇಗಿತ್ತೋ ಹಾಗೇ’ ಜೋಡಿಸಿದ್ದರಿಂದ ತಪ್ಪೂ ಹಾಗೇ ವಾಪಸ್ ಬಂತು. ಸಿಕ್ಕಿಬಿದ್ದಾಗ ರಾಡ್‌ನ ಥ್ರೆಡ್ ಜಜ್ಜಿಹೋಗಿತ್ತು, ಮೌಂಟ್‌ನ ಸ್ಫೆರಿಕಲ್ ಬೇರಿಂಗ್ (ಎಲ್ಲ ಕಡೆಗೂ ವಾಲಬಲ್ಲ ಗೋಳಾಕಾರದ ಬೇರಿಂಗ್) ಕೂಡ ಕೆಟ್ಟಿತ್ತು. ಆ ಥ್ರೆಡ್ ಪೂರ್ತಿ ಕಿತ್ತುಬಂದಿದ್ದರೆ ಹಿಂದಿನ ಒಂದು ಚಕ್ರಕ್ಕೆ ಶಾಕ್ ಇದ್ದೂ ಇಲ್ಲದ ಹಾಗೆ. ಅದು ವೇಗದ ತಿರುವಿನಲ್ಲಿ ಆದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇದು ಮೂರು ಸಲ ಕೈತಪ್ಪಿದ್ದಕ್ಕೆ ಕಾರಣ ಇದೆ. ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ ಶಾಕ್ ಹಿಡಿದು ಅಲುಗಾಡಿಸಿದಾಗ ಪ್ಲೇ ಸಿಗಲೇ ಇಲ್ಲ. ಸಿಗುವಂತೆಯೂ ಇರಲಿಲ್ಲ. ಮಾನೋಟ್ಯೂಬ್ (ಒಂದೇ ಕೊಳವೆಯ) ಶಾಕ್‌ನೊಳಗೆ ನೈಟ್ರೋಜನ್ ಒತ್ತಡವಿರುತ್ತದೆ, ಅದು ರಾಡ್ ಅನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ರಾಡ್ 14 ಮಿ.ಮೀ., ಒತ್ತಡ 15 ಬಾರ್ ಎಂದಿಟ್ಟುಕೊಂಡು ಲೆಕ್ಕ ಹಾಕಿ: 154 ಚದರ ಮಿ.ಮೀ. ಅಡ್ಡಕೊಯ್ತದ ಮೇಲೆ 231 ನ್ಯೂಟನ್, ಅಂದರೆ 23 ಕಿಲೋಗಿಂತ ತುಸು ಹೆಚ್ಚಿನ ತಳ್ಳು. ಹೀಗಾಗಿ ಕಾರು ಚಕ್ರದ ಮೇಲೆ ನಿಂತಿದ್ದರೆ ರಾಡ್ ಮೇಲಕ್ಕೆ ಒತ್ತಿ ಕೂತಿರುತ್ತದೆ. ಚಕ್ರ ಪೂರ್ತಿ ಇಳಿಬಿದ್ದಾಗ ಇದಕ್ಕೆ ತಿರುಗುಮುರುಗು: ಹಬ್‌ನ ತೂಕ ಮತ್ತು ಸ್ಪ್ರಿಂಗ್‌ನ ಪ್ರೀಲೋಡ್ (ಜೋಡಿಸುವಾಗಲೇ ಕೊಟ್ಟ ಒತ್ತಡ) ಸೇರಿ ರಾಡ್ ಅನ್ನು ಕೆಳಕ್ಕೆ ಜಗ್ಗಿ ನಟ್ ಅನ್ನು ಮೌಂಟ್‌ಗೆ ಅಂಟಿಸಿರುತ್ತವೆ. ಎರಡು ಸ್ಥಿತಿಯಲ್ಲೂ ಎಲ್ಲ ಬಿಗಿಯಾಗಿದೆ ಅನ್ನಿಸುತ್ತದೆ. ಪ್ಲೇ ಕಾಣುವುದು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಕ್ಷಣದಲ್ಲಿ ಮಾತ್ರ.

ಆದ್ದರಿಂದ ನೋಡಬೇಕಾದ ಕ್ರಮ ಹೀಗೆ. ಬಾಡಿಯನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ, ಹಿಂದಿನ ಎರಡೂ ಚಕ್ರ ಇಳಿಬಿಡಿ. ಒಬ್ಬರು ಡಿಕ್ಕಿಯೊಳಗೆ ಮೌಂಟ್‌ನ ಮುಚ್ಚಳ ತೆಗೆದು, ಒಂದು ಬೆರಳನ್ನು ಅರ್ಧ ನಟ್ ಮೇಲೆ, ಅರ್ಧ ಅದರ ಕೆಳಗಿನ ವಾಷರ್ ಮೇಲೆ ಬರುವಂತೆ ಇಡಬೇಕು. ಇನ್ನೊಬ್ಬರು ಕೆಳ ಆರ್ಮ್‌ನ ಹಬ್ ಕಡೆಯ ತುದಿಗೆ ಟ್ರಾಲಿ ಜ್ಯಾಕ್ ಕೊಟ್ಟು, ನಿಧಾನವಾಗಿ 20-30 ಮಿ.ಮೀ. ಏರಿಸಿ ಇಳಿಸಬೇಕು. ಸರಿಯಿದ್ದರೆ ನಟ್, ವಾಷರ್, ಬೇರಿಂಗ್‌ನ ಒಳ ಉಂಗುರ ಮೂರೂ ಒಂದೇ ತುಂಡಿನಂತೆ ಇರುತ್ತವೆ. ಸಡಿಲವಿದ್ದರೆ ನಟ್ ಮಾತ್ರ ಮೇಲೆದ್ದು ಬೆರಳಿನ ಕೆಳಗೊಂದು ಸಣ್ಣ ಮೆಟ್ಟಿಲು ಮೂಡುತ್ತದೆ. ಅರ್ಧ ಮಿ.ಮೀ. ಆದರೂ ಬೆರಳಿಗೆ ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗದೆ ಇರಬಹುದು. ಇನ್ನೊಂದು ಸುಲಭದ ಪರೀಕ್ಷೆ: ಚಕ್ರದ ಮೇಲೆ ನಿಂತ ಕಾರಿನಲ್ಲಿ ನಟ್ ಕೆಳಗಿನ ವಾಷರನ್ನು ಉಗುರಿನಿಂದ ತಿರುಗಿಸಿ ನೋಡಿ. ಬಿಗಿದ ವಾಷರ್ ತಿರುಗುವುದಿಲ್ಲ. ತಿರುಗಿತೆಂದರೆ ರೆಂಚ್ ಏನು ಹೇಳಿತ್ತು ಎಂಬುದು ಲೆಕ್ಕಕ್ಕಿಲ್ಲ.

ಜೋಡಿಸುವಾಗಲೇ ಇದನ್ನು ತಡೆಯಬಹುದು. ರಾಡ್‌ನ ಭುಜದ (ರಾಡ್ ಸಣ್ಣಗಾಗುವ ಮೆಟ್ಟಿಲಿನ) ಮೇಲೆ ಕೆಳ ಸ್ಪೇಸರ್, ಬೇರಿಂಗ್, ಮೇಲಿನ ಸ್ಪೇಸರ್, ವಾಷರ್ ಎಲ್ಲವನ್ನೂ ನಟ್ ಇಲ್ಲದೆ ಕೂರಿಸಿ, ಕೈಯಿಂದ ಒತ್ತಿ ಹಿಡಿಯಿರಿ. ಥ್ರೆಡ್‌ನ ಕೊನೆಯ ಸುತ್ತು ವಾಷರ್‌ನ ಮೇಲ್ಮೈಗಿಂತ ಕೆಳಗೆ, ಅಂದರೆ ವಾಷರ್‌ನೊಳಗೆ ಮರೆಯಾಗಿರಬೇಕು. ಕನಿಷ್ಠ ಎರಡು ಸುತ್ತು ಒಳಗಿದ್ದರೆ ನಿಶ್ಚಿಂತೆ. ವಾಷರ್‌ನ ಮೇಲೆ ಥ್ರೆಡ್ ಇಲ್ಲದ ನುಣುಪು ಭಾಗ ಒಂದು ಕೂದಲೆಳೆಯಷ್ಟು ಕಂಡರೂ ಏನೋ ಬಿಟ್ಟುಹೋಗಿದೆ, ಇಲ್ಲವೇ ಸ್ಪೇಸರ್ ತಲೆಕೆಳಗಾಗಿದೆ ಎಂದರ್ಥ. ನಟ್ ಬಿಗಿದ ಮೇಲೆ ನೈಲಾಕ್‌ನ (ಸಡಿಲಾಗದಂತೆ ನಟ್‌ನೊಳಗಿರುವ ನೈಲಾನ್ ಉಂಗುರದ) ಮೇಲೆ ಒಂದೆರಡು ಸುತ್ತು ಹೊರಗೆ ಕಾಣಬೇಕು. ಆದರೆ ಮಾಮೂಲಿಗಿಂತ ಹೆಚ್ಚು ಸುತ್ತು ಹೊರಬಂದಿದ್ದರೆ ಅದೂ ಅನುಮಾನಕ್ಕೆ ಕಾರಣವೇ. ಎಡ ಬಲ ಎರಡರಲ್ಲೂ ಹೊರಬಂದ ಉದ್ದವನ್ನು ಅಳೆದು ಹೋಲಿಸಿ. ಮೇಲೆ ಹೇಳಿದ ಕಾರಿನಲ್ಲಿ ಎಡಗಡೆಯ ಥ್ರೆಡ್ ಬಲಗಡೆಗಿಂತ ಕಣ್ಣಿಗೆ ಕಾಣುವಷ್ಟು ಹೆಚ್ಚು ಹೊರಬಂದಿತ್ತು. ಅಷ್ಟು ದಿನ ಯಾರೂ ಎರಡನ್ನೂ ಪಕ್ಕಪಕ್ಕ ನೋಡಿರಲಿಲ್ಲ, ಅಷ್ಟೇ.

ಈ ನಟ್‌ಗೆ ಇಂಪ್ಯಾಕ್ಟ್ ಗನ್ ಹಚ್ಚಬೇಡಿ. ಗನ್ ರಾಡ್ ಅನ್ನೇ ಗಿರ್ರನೆ ತಿರುಗಿಸುತ್ತದೆ, ಒಳಗಿನ ಪಿಸ್ಟನ್ ನಟ್ ಸಡಿಲಗೊಳ್ಳುವ ಅಪಾಯ ಇದೆ. ತಿರುಗದಿರಲಿ ಎಂದು ರಾಡ್ ಅನ್ನು ಇಕ್ಕಳದಿಂದ ಹಿಡಿದರೆ ಕ್ರೋಮ್ ಮೇಲೆ ಗೀರು ಬಿದ್ದು ಸೀಲ್ ಹರಿದು ಆಯಿಲ್ ಸೋರುತ್ತದೆ. ರಾಡ್‌ನ ತುದಿಯಲ್ಲಿ ಅಲೆನ್ ಕೀ ಕೂರುವ ಗುಳಿ ಇರುವುದೇ ಹಿಡಿಯುವುದಕ್ಕೆ. ಹಾಗೆ ಹಿಡಿದಾಗ ಮಾಮೂಲಿ ಸಾಕೆಟ್ ಹೋಗುವುದಿಲ್ಲ, ಕ್ರೋಫುಟ್ (ನಟ್ ಅನ್ನು ಪಕ್ಕದಿಂದ ಹಿಡಿಯುವ, ರೆಂಚ್‌ಗೆ ಸಿಕ್ಕಿಸುವ ಸ್ಪ್ಯಾನರ್ ತಲೆ) ಬೇಕು. ಅದನ್ನು ರೆಂಚ್‌ಗೆ 90 ಡಿಗ್ರಿಯಲ್ಲಿ ಕೂರಿಸಿದರೆ ಅಂಕಿ ತಿದ್ದಬೇಕಿಲ್ಲ, ನೇರವಾಗಿ ಮುಂದಕ್ಕೆ ಚಾಚಿದರೆ ತಿದ್ದಬೇಕು. ಟಾರ್ಕ್ ಅಂಕಿ ಶಾಕ್ ತಯಾರಕರದ್ದೇ ಇರಲಿ, ಕಾರಿನ ಮ್ಯಾನ್ಯುಯಲ್‌ನದ್ದು ಬೇಡ. ಕಂಪನಿ ಶಾಕ್‌ನ ರಾಡ್ ಬೇರೆ, ಇದು ಬೇರೆ.

ಹಾಗಂತ ಕಟಕಟ ಕೇಳಿದ ತಕ್ಷಣ ಎಲ್ಲರೂ ಮೇಲಿನ ಮೌಂಟ್‌ಗೇ ಹೋಗಬೇಕೆಂದಲ್ಲ. ಮೊದಲು ಚಕ್ರದ ನಟ್ ನೋಡಿ. ಎಂ12 ನಟ್‌ಗೆ ಸಾಮಾನ್ಯವಾಗಿ 100-120 ನ್ಯೂಟನ್ ಮೀಟರ್, ನಿಮ್ಮ ಕಾರಿನ ಅಂಕಿ ಮ್ಯಾನ್ಯುಯಲ್‌ನಲ್ಲಿದೆ. ಆಮೇಲೆ ಡಿಕ್ಕಿ ಖಾಲಿ ಮಾಡಿ: ಜ್ಯಾಕ್, ಕಾರು ಎಳೆಯುವ ಕೊಕ್ಕೆ, ಬ್ಯಾಟರಿಯ ಕ್ಲ್ಯಾಂಪ್, ಬೆಂಕಿ ನಂದಿಸುವ ಸಿಲಿಂಡರ್‌ನ ಬ್ರಾಕೆಟ್. ಸೈಲೆನ್ಸರ್ ತಣ್ಣಗಿರುವಾಗ ಅದಕ್ಕೂ ಅದರ ಹೀಟ್ ಶೀಲ್ಡ್‌ಗೂ ಮುಷ್ಟಿಯಿಂದ ಗುದ್ದಿ ನೋಡಿ. ಶಬ್ದ ಬಂದ ದಿಕ್ಕನ್ನು ಮಾತ್ರ ನಂಬಲೇಬೇಡಿ. ಕಾರ್ಪೆಟ್, ಹಿಂದಿನ ಸೀಟು ಎಲ್ಲ ಕಿತ್ತ ಕಾರಿನ ಮೈ ತಮಟೆಯಿದ್ದ ಹಾಗೆ, ಎಡಕ್ಕೆ ಬಡಿದದ್ದು ಬಲಕ್ಕೂ ಕೇಳುತ್ತದೆ.

ನಂತರ 10-20 ಕಿ.ಮೀ. ವೇಗದಲ್ಲಿ ಉಬ್ಬು ದಾಟಿಸಿ. ಶಬ್ದ ಬರುತ್ತಿರುವಾಗಲೇ ಬ್ರೇಕ್ ಪೆಡಲನ್ನು ಹಗುರವಾಗಿ ಮುಟ್ಟಿ. ನಿಂತುಹೋದರೆ ಅದು ಬ್ರೇಕ್‌ನದ್ದು. ಟ್ರ್ಯಾಕ್ ಪ್ಯಾಡ್ ಹಾಕುವಾಗ ಶಿಮ್ (ತೆಳು ತಗಡು), ಸ್ಪ್ರಿಂಗ್ ಕ್ಲಿಪ್‌ಗಳನ್ನು ಬಿಟ್ಟುಬಿಡುವುದು ಮಾಮೂಲು, ಪ್ಯಾಡ್ ಕ್ಯಾಲಿಪರ್‌ನೊಳಗೆ ಕುಣಿಯುತ್ತದೆ. ತೇಲುವ ಡಿಸ್ಕ್ (ನಡುವಿನ ಭಾಗಕ್ಕೆ ತುಸು ಸಡಿಲವಾಗಿ ಜೋಡಿಸಿದ ಬ್ರೇಕ್ ಡಿಸ್ಕ್) ಇದ್ದರೆ ಅದನ್ನು ಹಿಡಿದಿರುವ ಬಟನ್‌ಗಳೂ ತುಸು ಅಲುಗುತ್ತವೆ, ಅದು ದೋಷವಲ್ಲ. ಇನ್ನೊಂದು ಪರೀಕ್ಷೆ: ಅದೇ ಉಬ್ಬನ್ನು ಒಮ್ಮೆ ಎರಡೂ ಚಕ್ರ ಒಟ್ಟಿಗೆ ಏರುವಂತೆ ನೇರವಾಗಿ, ಇನ್ನೊಮ್ಮೆ ಓರೆಯಾಗಿ ದಾಟಿಸಿ. ಓರೆಯಾದಾಗ ಮಾತ್ರ ಬಂದರೆ ಆಂಟಿರೋಲ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ ಕಾರು ವಾಲುವುದನ್ನು ತಗ್ಗಿಸುವ ಸರಳು) ಕಡೆ ನೋಡಿ, ಏಕೆಂದರೆ ನೇರವಾಗಿ ಏರಿದಾಗ ಬಾರ್ ತಿರುಚುವುದಿಲ್ಲ. ಖಾತ್ರಿ ಬೇಕಿದ್ದರೆ ಎರಡೂ ಲಿಂಕ್ ರಾಡ್ ಕಳಚಿ, ಬಾರ್ ಏನಕ್ಕೂ ತಗಲದಂತೆ ಕಟ್ಟಿ, ನಿಧಾನವಾಗಿ ಓಡಿಸಿ. ಬೇಡದ ಬಿಡಿಭಾಗ ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಇದು. ಲಿಂಕ್‌ನ ಪ್ಲೇ ನೋಡಲು ಒಂದೇ ಚಕ್ರ ಎತ್ತುವುದು ದೊಡ್ಡ ತಪ್ಪು: ಬಾರ್ ತಿರುಚಿಕೊಂಡು ಲಿಂಕ್ ಬಿಗಿಯಾಗಿ ನಿಲ್ಲುತ್ತದೆ, ಸವೆದ ಜಾಯಿಂಟ್ ಕೂಡ ಹೊಸದರಂತೆ ನಟಿಸುತ್ತದೆ. ಎರಡೂ ಕಡೆ ಒಂದೇ ಎತ್ತರದಲ್ಲಿರಬೇಕು.

ಹೆಲ್ಪರ್ ಸ್ಪ್ರಿಂಗ್ (ಮುಖ್ಯ ಸ್ಪ್ರಿಂಗ್ ಸಡಿಲಾಗದಂತೆ ನೋಡುವ ಮೆತ್ತನೆ ಸ್ಪ್ರಿಂಗ್) ಇರುವ ಕಾಯಿಲೋವರ್‌ನಲ್ಲಿ (ಶಾಕ್ ಸುತ್ತ ಸ್ಪ್ರಿಂಗ್ ಇರುವ ಜೋಡಣೆ) ಟ್ರ್ಯಾಕ್ ಅಂಚಿನ ಕರ್ಬ್ ಹತ್ತಿ ಇಳಿದಾಗ ಒಂದು ‘ಕಟ್’ ಕೇಳಬಹುದು, ಪೂರ್ತಿ ಮುಚ್ಚಿಕೊಂಡಿದ್ದ ಸುರುಳಿ ತೆರೆದು ಮತ್ತೆ ಮುಚ್ಚುವ ಶಬ್ದ. ಹೆಲ್ಪರ್ ಇಲ್ಲದೆ, ಚಕ್ರ ಇಳಿಬಿದ್ದಾಗ ಮುಖ್ಯ ಸ್ಪ್ರಿಂಗ್ ಕೈಯಲ್ಲಿ ಅಲುಗಿದರೆ ಅದು ಸೀಟಿನಿಂದ ಎದ್ದು ಬೀಳುತ್ತಿದೆ, ಸರಿಪಡಿಸಲೇಬೇಕು. ಸ್ಪ್ರಿಂಗ್ ಕೂರುವ ಕೆಳಗಿನ ಕಾಲರ್‌ನ ಲಾಕ್ ರಿಂಗ್ ಸಡಿಲವೇ ಎಂದು ಅದೇ ಹೊತ್ತಿಗೆ ನೋಡಿಬಿಡಿ.

ಟೋ ಆರ್ಮ್ (ಹಿಂದಿನ ಚಕ್ರದ ದಿಕ್ಕನ್ನು ಹಿಡಿದಿಡುವ ಆರ್ಮ್) ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ತಿರುವಿನಲ್ಲಿ ಟಯರ್‌ನ ಬಲ ಅದರ ಸ್ಫೆರಿಕಲ್ ಜಾಯಿಂಟನ್ನು ಒಂದೇ ಕಡೆಗೆ ಒತ್ತಿ ಹಿಡಿಯುವುದರಿಂದ ಶಬ್ದ ಅಡಗುತ್ತದೆ. ಭಾರ ಬದಲಾಗುವಾಗ, ಅಂದರೆ ನೀವು ಥ್ರಾಟಲ್ ಬಿಟ್ಟ ಕ್ಷಣ, ಜಾಯಿಂಟ್ ಪ್ಲೇ ದಾಟುತ್ತದೆ, ಹಿಂದಿನ ಚಕ್ರದ ದಿಕ್ಕು ತಾನಾಗಿ ಬದಲಾಗುತ್ತದೆ. ‘ಟ್ರ್ಯಾಕ್‌ನಲ್ಲಿ ಶಬ್ದ ಇಲ್ಲ, ಹಾಗಾಗಿ ಪರವಾಗಿಲ್ಲ’ ಎಂಬ ಮಾತು ಇಲ್ಲಿ ಪೂರ್ತಿ ಉಲ್ಟಾ. ಚಕ್ರವನ್ನು ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ತಳ್ಳಿ ಎಳೆಯಿರಿ, ಇನ್ನೊಬ್ಬರು ಒಂದೊಂದೇ ಜಾಯಿಂಟ್ ಮೇಲೆ ಬೆರಳಿಡಲಿ. ‘ಟಿಕ್’ ಎಂಬುದು ಕಿವಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ವೀಲ್ ಬೇರಿಂಗ್, ಉಳಿದರೆ ಆರ್ಮ್. ಆರ್ಮ್‌ನ ಲಾಕ್ ನಟ್ ಸಡಿಲವಾಗಿದ್ದರೂ ಇದೇ ಲಕ್ಷಣ. ಬೋಲ್ಟ್ ಸುತ್ತ ಕೆಂಗಂದು ಪುಡಿ ಕಂಡರೆ ಉಕ್ಕು ಉಕ್ಕಿಗೆ ಉಜ್ಜುತ್ತಿದೆ, ಅಲ್ಯೂಮಿನಿಯಂ ಆದರೆ ಕಪ್ಪು ಮಸಿ. ಅಂಥ ಬೋಲ್ಟನ್ನು ಮತ್ತೆ ಬಿಗಿದು ಕೈತೊಳೆದುಕೊಳ್ಳಬೇಡಿ, ತೆಗೆದು ರಂಧ್ರ ಅಂಡಾಕಾರಕ್ಕೆ ತಿರುಗಿದೆಯೇ ನೋಡಿ.

ಬಿಚ್ಚಿದ್ದನ್ನು ವಾಪಸ್ ಹಾಕುವಾಗ ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಚಕ್ರ ಇಳಿಬಿಟ್ಟು ಬಿಗಿಯಬೇಡಿ. ಕಾರು ನಿಲ್ಲುವ ಎತ್ತರಕ್ಕೆ ಆರ್ಮ್ ಎತ್ತಿ ಬಿಗಿಯಿರಿ, ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಟೋ ಆರ್ಮ್ ಮುಟ್ಟಿದ್ದರೆ ಅಲೈನ್‌ಮೆಂಟ್ ಮಾಡಿಸಿಯೇ ಟ್ರ್ಯಾಕ್‌ಗೆ ಇಳಿಸಿ. ಮೇಲಿನ ನೈಲಾಕ್ ನಟ್ ಪ್ರತಿ ಸಲ ಹೊಸದು. ರಾಡ್‌ನ ಥ್ರೆಡ್ ತುದಿಗಳು ಚಪ್ಪಟೆಯಾಗಿದ್ದರೆ ಅಥವಾ ಭುಜ ಜಜ್ಜಿದ್ದರೆ ಡೈ (ಥ್ರೆಡ್ ಕೊರೆಯುವ ಉಪಕರಣ) ಹಾಕಿ ಸರಿಮಾಡುವ ಯೋಚನೆ ಬಿಡಿ, ರಾಡ್ ಬದಲಿಸಿ.

ಎಲ್ಲ ಬಿಗಿದ ಮೇಲೆ ನಟ್‌ನಿಂದ ವಾಷರ್ ದಾಟಿ ಮೌಂಟ್‌ವರೆಗೆ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ನಟ್‌ನ ಮೇಲೆ ಮಾತ್ರ ಎಳೆದ ಗೆರೆ ಏನನ್ನೂ ಹೇಳದು. ಮೊದಲ ಸೆಷನ್ ಮುಗಿದು ಕಾರು ತಣ್ಣಗಾದ ಮೇಲೆ ಡಿಕ್ಕಿ ತೆರೆದು ನೋಡಿ. ಗೆರೆ ವಾಷರ್ ಹತ್ತಿರ ಮುರಿದಿದ್ದರೆ ಮತ್ತೊಂದು ಸುತ್ತು ಬಿಗಿದು ಎರಡನೇ ಸೆಷನ್‌ಗೆ ಹೋಗಬೇಡಿ, ಅಲ್ಲೇ ಬಿಚ್ಚಿ ವಾಷರ್‌ಗಳನ್ನು ಎಣಿಸಿ.