ಡ್ರಂಕ್ ಅಂಡ್ ಡ್ರೈವ್ ಕೇಸಿಗೆ ವಕೀಲರು: ಯಾರಿಗೆ ಕೊಟ್ಟ ಫೀಸು ದಕ್ಕುತ್ತದೆ?

ಕುಡಿದು ಗಾಡಿ ಓಡಿಸಿದ ಕೇಸಿಗೆ ಸಿಗುವ ವಕೀಲರಲ್ಲಿ ಮೂರು ಬಗೆ. ಜಾಹೀರಾತು ನೋಡಿ ಫೋನ್ ಮಾಡಿದರೆ ಸಿಗುವ ದೊಡ್ಡ ಕಚೇರಿಯವರು ಒಂದು. ಕಳ್ಳತನದಿಂದ ಹಿಡಿದು ಚೆಕ್ ಬೌನ್ಸ್‌ವರೆಗೆ ಎಲ್ಲವನ್ನೂ ನಡೆಸುವವರು ಇನ್ನೊಂದು. ಈ ಕೇಸನ್ನೇ ವರ್ಷಗಟ್ಟಲೆ ನಡೆಸಿ ಪಳಗಿದವರು ಮೂರನೆಯವರು. ಈ ಕೇಸಿನಲ್ಲಿ ಸಾಕ್ಷಿಯ ಬಾಯಿಮಾತಿಗಿಂತ ಊದಿಸುವ ಯಂತ್ರ ತೋರಿಸಿದ ಮದ್ಯದ ಅಂಕಿಗೇ ತೂಕ ಹೆಚ್ಚು. ಆ ಅಂಕಿ ಹೇಗೆ ಬಂತು ಎಂದು ಕೆದಕಲು ಬಾರದವರು ಎಷ್ಟೇ ದೊಡ್ಡ ವಾಗ್ಮಿಯಾಗಿದ್ದರೂ ಇಲ್ಲಿ ಉಪಯೋಗವಿಲ್ಲ.

ಮೊದಲ ಫೋನಿನಲ್ಲೇ ಅರ್ಧ ತೀರ್ಮಾನ ಮಾಡಿಬಿಡಬಹುದು. ಕೆಲಸ ಗೊತ್ತಿರುವವರು ಕೇಳುವ ಪ್ರಶ್ನೆಗಳೇ ಬೇರೆ: ತಡೆದದ್ದು ಎಷ್ಟು ಹೊತ್ತಿಗೆ, ಊದಿಸಿದ್ದು ಎಷ್ಟು ಹೊತ್ತಿಗೆ, ಕೊನೆಯ ಗುಟುಕು ಯಾವಾಗ, ಊದುವ ಮುಂಚೆ ವಾಂತಿಯೋ ತೇಗೋ ಬಂದಿತ್ತೇ, ಎಷ್ಟು ಸಲ ಊದಿಸಿದರು, ರಕ್ತ ತೆಗೆದರೇ, ತೆಗೆದವರು ಯಾರು, ಯಂತ್ರ ಮುದ್ರಿಸಿದ ಚೀಟಿಯ ಪ್ರತಿ ಕೈಯಲ್ಲಿದೆಯೇ, ಮುಂದಿನ ತಾರೀಕು ಯಾವುದು. ಇದಾವುದನ್ನೂ ಕೇಳದೆ "ಏನೂ ಆಗೋಲ್ಲ ಬಿಡಿ ಸರ್, ನಾನು ನೋಡ್ಕೋತೀನಿ" ಎಂದು ನೇರ ಫೀಸಿಗೆ ಬಂದರೆ ಅಲ್ಲಿಗೇ ಫೋನ್ ಇಡುವುದು ಒಳ್ಳೆಯದು. ಗೆಲ್ಲಿಸಿಕೊಡುತ್ತೇನೆಂದು ಖಾತ್ರಿ ಕೊಡಲು ಯಾವ ವಕೀಲರಿಂದಲೂ ಆಗದು. ಭಾರತೀಯ ವಕೀಲರ ಪರಿಷತ್ತಿನ ನಿಯಮ 36ರ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ, ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ಓದು, ನಡೆಸುವ ಕೇಸುಗಳ ಬಗೆ ಇಷ್ಟನ್ನು ಹಾಕಬಹುದು. ನಿಯಮ 20 ಫಲಿತಾಂಶಕ್ಕೆ ಕಟ್ಟಿದ ಫೀಸನ್ನೂ ನಿಷೇಧಿಸುತ್ತದೆ. ಅಮೆರಿಕದಲ್ಲೂ ಕ್ರಿಮಿನಲ್ ಕೇಸಿಗೆ "ಗೆದ್ದರೆ ಮಾತ್ರ ಫೀಸು" ಎಂಬ ಕರಾರು ವಕೀಲಿ ನಿಯಮಕ್ಕೆ ವಿರುದ್ಧ. ತಮ್ಮ ವೃತ್ತಿಯ ನಿಯಮವನ್ನೇ ಮುರಿಯುವವರು ನಿಮ್ಮ ಕೇಸಿನ ಗಡುವುಗಳನ್ನು ಕಾಯುತ್ತಾರೆಂದು ನಂಬುವುದು ಕಷ್ಟ.

ಗಡುವು ಎಂದಾಗ ಮೊದಲು ಬರುವುದು ಲೈಸೆನ್ಸು. ಕೋರ್ಟಿನ ಕೇಸು ಒಂದು ದಾರಿ, ಲೈಸೆನ್ಸಿನ ಕ್ರಮ ಬೇರೆಯದೇ ದಾರಿ, ಸಾಮಾನ್ಯ ಕ್ರಿಮಿನಲ್ ವಕೀಲರು ಮರೆಯುವುದು ಇದನ್ನೇ. ಕ್ಯಾಲಿಫೋರ್ನಿಯಾದಲ್ಲಿ ಬಂಧನವಾದ 10 ದಿನಗಳೊಳಗೆ ಸಾರಿಗೆ ಇಲಾಖೆಯ ಮುಂದೆ ವಿಚಾರಣೆ ಕೇಳದಿದ್ದರೆ, ಕೋರ್ಟು ತೀರ್ಪು ಕೊಡುವ ಮುನ್ನವೇ ಲೈಸೆನ್ಸು ಅಮಾನತಾಗುವ ಹಾದಿಯಲ್ಲಿರುತ್ತದೆ. ಇಂಗ್ಲೆಂಡಿನಲ್ಲಿ ಮಿತಿ ಮೀರಿ ಓಡಿಸಿದ್ದು ಸಾಬೀತಾದರೆ ಸಾಮಾನ್ಯವಾಗಿ ಕನಿಷ್ಠ 12 ತಿಂಗಳ ನಿಷೇಧ. ಸುಧಾರಣಾ ಕೋರ್ಸು ಮುಗಿಸಿದರೆ ಅದರಲ್ಲಿ ಕಾಲು ಭಾಗದವರೆಗೆ ಇಳಿಯುತ್ತದೆ. ಶಿಕ್ಷೆ ವಿಧಿಸುವ ದಿನವೇ ಆ ಕೋರ್ಸಿನ ಅವಕಾಶ ಕೇಳಬೇಕೆಂದು ವಕೀಲರಿಗೆ ನೆನಪಿರಬೇಕು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ ಕಲಂ 185ರಡಿ ಶಿಕ್ಷೆಯಾದರೆ ಕಲಂ 20ರ ಪ್ರಕಾರ ಕನಿಷ್ಠ 6 ತಿಂಗಳು ಲೈಸೆನ್ಸಿಗೆ ಅನರ್ಹತೆ. ಸ್ಥಳದಲ್ಲೇ ದಂಡ ಕಟ್ಟಿ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ ಕಲಂ 185 ಇಲ್ಲ, ಕೋರ್ಟಿಗೆ ಹೋಗಲೇಬೇಕು. ಹಾಗಾಗಿ "ಠಾಣೆಯಲ್ಲೇ ಮುಗಿಸಿಬಿಡೋಣ" ಎನ್ನುವ ಮಧ್ಯವರ್ತಿ ಕೊಡುತ್ತಿರುವುದು ವಕೀಲಿ ಸೇವೆಯಲ್ಲ, ಎರಡನೆಯ ಕೇಸಿಗೆ ದಾರಿ.

ಇನ್ನು ಯಂತ್ರದ ವಿಷಯ. ವಕೀಲರ ನಿಜವಾದ ಪರೀಕ್ಷೆ ನಡೆಯುವುದು ಇಲ್ಲೇ. ರಸ್ತೆಯಲ್ಲಿ ಊದಿಸುವ ಕೈಯಂತ್ರಗಳಲ್ಲಿ ಸಾಮಾನ್ಯವಾಗಿ ಫ್ಯೂಯೆಲ್ ಸೆಲ್ (ಉಸಿರಿನ ಮದ್ಯದಿಂದ ಹುಟ್ಟುವ ವಿದ್ಯುತ್ತನ್ನು ಅಳೆಯುವ ಕೋಶ) ಇರುತ್ತದೆ. ಠಾಣೆಯ ಮೇಜಿನ ಮೇಲಿನ ದೊಡ್ಡ ಯಂತ್ರ ಹೆಚ್ಚಾಗಿ ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುತ್ತದೆ. ಬ್ರಿಟನ್‌ನಲ್ಲಿ ಕೈಯಂತ್ರದ ಅಂಕಿ ಬಂಧಿಸಲು ಸಾಕು, ಶಿಕ್ಷೆಗೆ ಠಾಣೆಯ ಯಂತ್ರದ ಅಥವಾ ಪ್ರಯೋಗಾಲಯದ ಅಂಕಿ ಬೇಕು. ಅಲ್ಲಿ ಎರಡು ಸಲ ಊದಿಸಿ ಕಡಿಮೆ ಬಂದದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಭಾರತದಲ್ಲಿ ಕಲಂ 185 ಬ್ರೆತ್ ಅನಲೈಸರ್‌ನ ಹೆಸರನ್ನೇ ಹೇಳುವುದರಿಂದ ಬಹಳಷ್ಟು ಕೇಸುಗಳು ಆ ಸಣ್ಣ ಚೀಟಿಯ ಮೇಲೇ ನಿಲ್ಲುತ್ತವೆ. ಇಲ್ಲಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮದ್ಯಸಾರ. ಸ್ಕಾಟ್ಲೆಂಡಿನಲ್ಲಿ 50, ಇಂಗ್ಲೆಂಡಿನಲ್ಲಿ 80. ಮಿತಿ ಕಡಿಮೆಯಿದ್ದಷ್ಟೂ ಸಣ್ಣ ದೋಷಕ್ಕೂ ಬೆಲೆ ಬರುತ್ತದೆ: 80ರ ಮಿತಿಯಲ್ಲಿ 8 ಅಂಕದ ತಪ್ಪು ಹತ್ತನೆಯ ಒಂದು ಭಾಗ, 30ರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು.

ಚೀಟಿಯನ್ನು ಕೈಗೆ ಕೊಟ್ಟಾಗ ವಕೀಲರ ಕಣ್ಣು ಎಲ್ಲಿಗೆ ಹೋಗುತ್ತದೆ ನೋಡಿ. ಅಂಕಿಯನ್ನಷ್ಟೇ ಓದಿ ಮಡಚಿಟ್ಟರೆ ಅವರು ಈ ಕೆಲಸದವರಲ್ಲ. ಬಲ್ಲವರು ಯಂತ್ರದ ಕ್ರಮಸಂಖ್ಯೆ ನೋಡುತ್ತಾರೆ, ಊದುವ ಮುಂಚಿನ ಖಾಲಿ ಗಾಳಿಯ ಪರೀಕ್ಷೆ ಸೊನ್ನೆ ತೋರಿಸಿದೆಯೇ ಎಂದು ನೋಡುತ್ತಾರೆ, ಕ್ಯಾಲಿಬ್ರೇಶನ್ (ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ತಾಳೆ ನೋಡಿದ) ತಾರೀಕು ಹುಡುಕುತ್ತಾರೆ. ಆಮೇಲೆ ಚೀಟಿಯ ಮೇಲಿನ ಗಂಟೆಯನ್ನು ಪೊಲೀಸರ ವರದಿಯ ಗಂಟೆಯ ಪಕ್ಕದಲ್ಲಿಡುತ್ತಾರೆ. ಯಂತ್ರದ ಗಡಿಯಾರ ತಪ್ಪಿದ್ದರೆ, ಗಾಡಿ ತಡೆಯುವುದಕ್ಕೆ ಮೊದಲೇ ಊದಿದಂತೆ ದಾಖಲಾಗಿರಬಹುದು. ಅಷ್ಟರಿಂದಲೇ ಕೇಸು ಬಿದ್ದುಹೋಗದು, ಆದರೆ ಪಾಟೀಸವಾಲಿಗೆ (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದಕ್ಕೆ) ಒಳ್ಳೆಯ ಹಿಡಿ ಸಿಗುತ್ತದೆ.

ಇನ್ನೊಂದು ಮುಖ್ಯ ಅಂಶ ಕಾಯುವ ಸಮಯ. ಬಾಯಲ್ಲೇ ಉಳಿದ ಮದ್ಯ ಶ್ವಾಸಕೋಶದ ಗಾಳಿಯೊಂದಿಗೆ ಬೆರೆತರೆ ಅಂಕಿ ಸುಳ್ಳಾಗಿ ಏರುತ್ತದೆ. ಅದಕ್ಕೇ ಊದಿಸುವ ಮುನ್ನ ಸುಮಾರು 15 ನಿಮಿಷ ಆ ವ್ಯಕ್ತಿಯನ್ನು ಗಮನದಲ್ಲಿಟ್ಟು, ಏನನ್ನೂ ಬಾಯಿಗೆ ಹಾಕದಂತೆ, ತೇಗು ವಾಂತಿ ಬಾರದಂತೆ ನೋಡಿಕೊಳ್ಳಬೇಕೆಂಬ ಪದ್ಧತಿ. ಮದ್ಯಸಾರವಿರುವ ಮೌತ್‌ವಾಶ್‌ನಿಂದಲೂ ಇದೇ ತೊಂದರೆ. ತಡೆದ ಹೊತ್ತಿಗೂ ಊದಿಸಿದ ಹೊತ್ತಿಗೂ ಮೂರು ನಿಮಿಷವಷ್ಟೇ ಅಂತರವಿದ್ದು, ಕೊನೆಯ ಗುಟುಕು ಆಗಷ್ಟೇ ಇಳಿದಿದ್ದರೆ, ವಕೀಲರಿಗೆ ಹೇಳಲು ಮಾತಿದೆ. ಅದೇ ಅರ್ಧ ಗಂಟೆ ಬಿಟ್ಟು ಎರಡು ಸಲ ಊದಿಸಿ, ಎರಡೂ ಹತ್ತಿರ ಹತ್ತಿರ ಬಂದಿದ್ದರೆ ಈ ವಾದ ಸತ್ತಂತೆ.

ರಕ್ತ ಪರೀಕ್ಷೆಯ ಕೇಸಿಗೆ ಇನ್ನಷ್ಟು ಓದಿಕೊಂಡವರು ಬೇಕು. ಆಸ್ಪತ್ರೆಯವರು ಚಿಕಿತ್ಸೆಗಾಗಿ ಅಳೆಯುವುದು ಹೆಚ್ಚಾಗಿ ಸೀರಮ್‌ನಲ್ಲಿ (ರಕ್ತಕಣಗಳನ್ನು ತೆಗೆದ ಮೇಲೆ ಉಳಿಯುವ ತಿಳಿದ್ರವದಲ್ಲಿ), ಕಾನೂನಿನ ಮಿತಿ ಇರುವುದು ಇಡೀ ರಕ್ತಕ್ಕೆ. ಸೀರಮ್‌ನಲ್ಲಿ ನೀರಿನಂಶ ಹೆಚ್ಚಾದ್ದರಿಂದ ಮದ್ಯದ ಅಂಕಿಯೂ ಹೆಚ್ಚು ಬರುತ್ತದೆ. ಪರಿವರ್ತಿಸದೆ ಅದನ್ನೇ ಕೋರ್ಟಿಗೆ ತಂದರೆ ಮಿತಿಯೊಳಗಿದ್ದವರೂ ಮಿತಿ ಮೀರಿದವರಾಗುತ್ತಾರೆ. ಮಾದರಿಯ ಕೊಳವೆಯಲ್ಲಿ ರಕ್ತ ಕೆಡದಂತೆ ಕಾಯುವ ಸೋಡಿಯಂ ಫ್ಲೋರೈಡ್ ಇರಬೇಕು. ಅದಿಲ್ಲದೆ, ತಂಪಿನಲ್ಲೂ ಇಡದಿದ್ದರೆ ಹುದುಗು ಬಂದು ಮದ್ಯ ಅಲ್ಲೇ ಹುಟ್ಟಿಕೊಳ್ಳಬಹುದು. ಸೂಜಿ ಚುಚ್ಚುವ ಮುನ್ನ ಸ್ಪಿರಿಟ್ ಹಚ್ಚಿದರೇ, ಮೊಹರು ಹಾಕಿದವರು ಯಾರು, ಪ್ರಯೋಗಾಲಯ ತಲುಪಲು ಎಷ್ಟು ದಿನ, ನಡುವೆ ಯಾರ ಕೈಯಲ್ಲಿತ್ತು, ಇವೆಲ್ಲ ಕಾಗದದಲ್ಲಿ ಇರಬೇಕಾದ ಸಂಗತಿಗಳು. ಬಂಧಿಸಿದ 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗದಿದ್ದರೆ ಬಿಡುಗಡೆ ಮಾಡಬೇಕೆಂದು ಭಾರತದ ಮೋಟಾರು ವಾಹನ ಕಾಯ್ದೆಯ ಕಲಂ 202 ಹೇಳುತ್ತದೆ. ಬಾಯಿಂದ ವಾಸನೆ, ತೂರಾಡುವ ನಡಿಗೆ, ಅಗಲವಾದ ಕಣ್ಣಪಾಪೆ ಇವಿಷ್ಟರಿಂದಲೇ ಕುಡಿದದ್ದು ಸಾಬೀತಾಗದೆಂದು ಸುಪ್ರೀಂ ಕೋರ್ಟು 1971ರಲ್ಲೇ ಹೇಳಿದೆ. ನಿಮ್ಮ ವಕೀಲರಿಗೆ ಇವೆರಡೂ ಗೊತ್ತಿವೆಯೇ ಎಂದು ಕೇಳಿ ನೋಡುವುದರಲ್ಲಿ ತಪ್ಪೇನಿಲ್ಲ. ಊದಲು ನಿರಾಕರಿಸಿದ ಕೇಸಿನ ಲೆಕ್ಕ ಪೂರ್ತಿ ಬೇರೆ. ಅಲ್ಲಿ ನಿರಾಕರಣೆಗೆ ಸಕಾರಣವಿತ್ತೇ ಎಂಬುದೇ ಪ್ರಶ್ನೆ, ಯಂತ್ರ ಬಲ್ಲವರಿಗೆ ಹೆಚ್ಚು ಕೊಡಬೇಕಿಲ್ಲ.

ಹಾಗಾದರೆ ಪಳಗಿದವರೇ ಯಾವಾಗಲೂ ಬೇಕೇ? ಬೇಡ. ಅಂಕಿ ಮಿತಿಯ ಎರಡು ಪಟ್ಟು, ಕಾಗದ ಚೊಕ್ಕ, ವಿಡಿಯೊ ಸ್ಪಷ್ಟ, ಯಾರಿಗೂ ಗಾಯವಿಲ್ಲ, ಮೊದಲ ಸಲ ಎಂದಾದರೆ ಅವರ ದುಬಾರಿ ಫೀಸು ಬಹುತೇಕ ವ್ಯರ್ಥ. ತಪ್ಪೊಪ್ಪಿಕೊಂಡು ಶಿಕ್ಷೆ ಹಗುರ ಮಾಡಿಸುವ ಕೆಲಸಕ್ಕೆ ಆ ಕೋರ್ಟಿನಲ್ಲಿ ದಿನಾ ಓಡಾಡುವ ಸಾಮಾನ್ಯ ಕ್ರಿಮಿನಲ್ ವಕೀಲರೇ ಸಾಕು, ಒಮ್ಮೊಮ್ಮೆ ಅವರೇ ಮೇಲು. ಆದರೆ ಒಪ್ಪಿಕೊಳ್ಳುವ ಮುನ್ನ ಅದರ ಪರಿಣಾಮವನ್ನು ಅವರು ಬಿಡಿಸಿ ಹೇಳಬೇಕು: ಭಾರತದಲ್ಲಿ ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ, ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಅಥವಾ 15,000 ದಂಡ ಅಥವಾ ಎರಡೂ. ಇಂದು ಸುಲಭವೆಂದು ಒಪ್ಪಿಕೊಂಡದ್ದು ನಾಳೆಯ ಕೇಸಿನಲ್ಲಿ ಎದುರಿಗೆ ಬಂದು ನಿಲ್ಲುತ್ತದೆ. ಅಪಘಾತವಾಗಿದ್ದರೆ, ಅಂಕಿ ಮಿತಿಯ ಆಸುಪಾಸಿನಲ್ಲಿದ್ದರೆ, ಡ್ರೈವಿಂಗೇ ಹೊಟ್ಟೆಪಾಡಾಗಿದ್ದರೆ, ಇದು ಎರಡನೆಯ ಸಲವಾಗಿದ್ದರೆ ಮಾತ್ರ ಪಳಗಿದವರಿಗೆ ಹಣ ಸುರಿಯುವುದು ಸರಿ. ವೀಸಾದ ಮೇಲೆ ಅಮೆರಿಕದಲ್ಲಿರುವವರಿಗೆ ಬಂಧನವೊಂದರಿಂದಲೇ ವೀಸಾ ರದ್ದಾಗಬಹುದು, ಶಿಕ್ಷೆಯೇ ಆಗಬೇಕಿಲ್ಲ. ಅಲ್ಲಿ ವಲಸೆ ಕಾನೂನು ಬಲ್ಲ ಇನ್ನೊಬ್ಬರೂ ಬೇಕಾಗುತ್ತಾರೆ.

ಜಾಹೀರಾತಿನ ಕಚೇರಿಗಳ ದೊಡ್ಡ ಕೊರತೆ ಒಂದೇ: ಮಾತಾಡಿದವರು ಒಬ್ಬರು, ಕೋರ್ಟಿನಲ್ಲಿ ನಿಲ್ಲುವವರು ಇನ್ನೊಬ್ಬರು. ವಿಚಾರಣೆಯ ಬೆಳಿಗ್ಗೆ ಫೈಲು ಕೈಗೆ ಸಿಕ್ಕ ಕಿರಿಯ ವಕೀಲರು ವಾಯಿದೆ ಕೇಳುವುದರ ಹೊರತು ಏನು ಮಾಡಿಯಾರು? ಪಾಟೀಸವಾಲು ಮಾಡುವವರ ಹೆಸರನ್ನು ಕರಾರಿನಲ್ಲೇ ಬರೆಸಿಕೊಳ್ಳಿ. ಫೀಸಿನ ವಿಷಯದಲ್ಲೂ ಅಷ್ಟೇ. ಒಟ್ಟು ಮೊತ್ತವೆಂದರೆ ಅದರಲ್ಲಿ ಲೈಸೆನ್ಸಿನ ವಿಚಾರಣೆ, ತಜ್ಞರ ಖರ್ಚು, ಮಾದರಿಯ ಮರುಪರೀಕ್ಷೆ, ಮೇಲ್ಮನವಿ ಸೇರಿವೆಯೇ ಎಂದು ಒಂದೊಂದಾಗಿ ಕೇಳಬೇಕು. ಸಾಮಾನ್ಯವಾಗಿ ಮೇಲ್ಮನವಿ ಸೇರಿರುವುದಿಲ್ಲ. ಹಂತ ಹಂತವಾಗಿ ಕೊಡುವ ಕರಾರೇ ಕಕ್ಷಿದಾರರಿಗೆ ಹೆಚ್ಚು ಕ್ಷೇಮ: ದಾಖಲೆ ತರಿಸಿ ಓದುವುದಕ್ಕೆ ಇಷ್ಟು, ವಿಚಾರಣೆಗೆ ಹೋದರೆ ಇಷ್ಟು ಎಂದು. ದಾಖಲೆ ಓದಿದ ಮೇಲೆ ಹೋರಾಡುವುದರಲ್ಲಿ ಅರ್ಥವಿಲ್ಲವೆಂದು ಅವರೇ ಹೇಳಿದರೆ ಎರಡನೆಯ ಕಂತು ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ಕೆಳ ಕೋರ್ಟಿನಲ್ಲೇ ಮುಗಿಯುವ ವಾಹನ ಕೇಸುಗಳ ಫೀಸನ್ನು ಸಾಲಿಸಿಟರ್ (ಅಲ್ಲಿನ ವಕೀಲರ ಒಂದು ವರ್ಗ) ಕಚೇರಿಗಳು ಮುಂಚೆಯೇ ಪ್ರಕಟಿಸಬೇಕೆಂಬ ನಿಯಮ ಡಿಸೆಂಬರ್ 2018ರಿಂದ ಇದೆ, ಹೋಲಿಸಿ ನೋಡಲು ಅನುಕೂಲ.

ಮೊದಲ ಭೇಟಿಗೆ ಊದಿದ ಚೀಟಿ, ಪೊಲೀಸರು ಕೊಟ್ಟ ನೋಟಿಸು, ಲೈಸೆನ್ಸು ವಶಪಡಿಸಿಕೊಂಡ ರಸೀದಿ, ಆಸ್ಪತ್ರೆಯ ಕಾಗದ, ಕುಡಿದದ್ದು ಏನು, ಎಷ್ಟು, ಎಷ್ಟು ಹೊತ್ತಿಗೆ ಎಂದು ಬರೆದ ಒಂದು ಹಾಳೆ ಒಯ್ಯಿರಿ. ಹಾಳೆಯಲ್ಲಿ ಸುಳ್ಳು ಬೇಡ. ನೀವು ಬರೆದ ಪ್ರಮಾಣಕ್ಕೂ ಯಂತ್ರದ ಅಂಕಿಗೂ ತಾಳೆಯಾಗುತ್ತದೆಯೇ ಎಂದು ಮೊದಲು ಲೆಕ್ಕ ಹಾಕುವವರು ನಿಮ್ಮ ವಕೀಲರೇ. ಪಾರ್ಕಿಂಗ್ ಜಾಗದ ಸಿಸಿಟಿವಿ ದೃಶ್ಯ ಬೇಕಿದ್ದರೆ ಆ ದಿನವೇ ಅರ್ಜಿ ಹಾಕಲು ಹೇಳಿ, ಹೊಸ ದೃಶ್ಯ ತುಂಬುತ್ತಾ ಹಳೆಯದು ಅಳಿಸಿಹೋಗುತ್ತದೆ.