ಇ-ಜನ್ಮ: ಗುಟ್ಟು ಕಾಯುವುದರಲ್ಲಿ ಕಾನೂನು ಗಟ್ಟಿ, ಕೌಂಟರ್ ಸಡಿಲ

ಕಲಬುರಗಿಯಲ್ಲಿ ನಮ್ಮದು ಕೂಡು ಕುಟುಂಬ. ಹೆರಿಗೆ, ಸಾವು, ಶಾಲೆ ಅಡ್ಮಿಷನ್, ಏನೇ ಇದ್ದರೂ ಕಾಗದಪತ್ರದ ಓಡಾಟ ನನ್ನ ಪಾಲಿಗೇ ಬರುತ್ತದೆ. ಹಾಗಾಗಿ ಜನನ-ಮರಣ ನೋಂದಣಿಯನ್ನು ಕೈಬರಹದ ಪ್ರಮಾಣಪತ್ರದ ಕಾಲದಿಂದ ಇ-ಜನ್ಮ ಅನ್ನುವ ಈಗಿನ ಕಂಪ್ಯೂಟರ್ ವ್ಯವಸ್ಥೆಯವರೆಗೂ ಬಳಸಿದ್ದೇನೆ.

ಸಮಯಕ್ಕೆ ಮಾಡಿಸಿದರೆ ಕೆಲಸ ಸಲೀಸು. 21 ದಿನದೊಳಗೆ ವರದಿಯಾದರೆ ತಡದ ಶುಲ್ಕ ಇಲ್ಲ. ಆಸ್ಪತ್ರೆಯಲ್ಲಿ ಆಗಿದ್ದರೆ ವರದಿ ಮಾಡುವ ಹೊಣೆ ಆಸ್ಪತ್ರೆಯವರದೇ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಲ್ಲೇ ಅಲ್ವಾ? ನನ್ನ ಹೆಂಡತಿ ಶಹಾಪುರದವಳು, ಮಗಳು ಹುಟ್ಟಿದ್ದೂ ಅಲ್ಲೇ. ಹುಟ್ಟಿದ ಊರಲ್ಲೇ ನೋಂದಣಿ ಆಗಬೇಕು, ಆಯ್ತು. ತೊಟ್ಟಿಲ ಕಾರ್ಯಕ್ರಮ ಆಗಿರಲಿಲ್ಲ, ಹೆಸರಿಲ್ಲದೆಯೇ ನೋಂದಾಯಿಸಿದರು. ವರ್ಷದೊಳಗೆ ಹೆಸರು ಸೇರಿಸಿದ್ದಕ್ಕೆ ದುಡ್ಡೇನೂ ಕೇಳಲಿಲ್ಲ. ವರ್ಷ ದಾಟಿಯೂ ನೋಂದಣಿಯೇ ಆಗದಿದ್ದರೆ ಮಾತ್ರ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಅಲ್ಲಿಯವರೆಗೆ ಬಿಡಲೇಬೇಡಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮರಣ ಪ್ರಮಾಣಪತ್ರ. ಅದರಲ್ಲಿ ಸಾವಿನ ಕಾರಣ ಇರುವುದಿಲ್ಲ. 1969ರ ಜನನ-ಮರಣ ನೋಂದಣಿ ಕಾಯ್ದೆಯ 17ನೇ ಕಲಮಿನಲ್ಲೇ ಹಾಗೆ ಹೇಳಿದೆ. ಯಾರಿಗೆ ಕೊಟ್ಟ ಪ್ರತಿಯಲ್ಲೂ ಕಾರಣ ಕಾಣಿಸುವ ಹಾಗಿಲ್ಲ. ನಮ್ಮ ಮನೆಯಲ್ಲೊಬ್ಬರು ಜನ ಪಿಸುಗುಡುವಂಥ ಕಾಯಿಲೆಯಿಂದ ತೀರಿಕೊಂಡರು. ಅವರ ಪ್ರಮಾಣಪತ್ರ ಬ್ಯಾಂಕು, ಗ್ಯಾಸ್ ಏಜೆನ್ಸಿ, ಹೊಲದ ಪೌತಿ ಖಾತೆ ಅಂತ ಎಷ್ಟೋ ಮೇಜು ದಾಟಿತು. ಒಬ್ಬರಿಗೂ ಕಾಯಿಲೆ ಗೊತ್ತಾಗಲಿಲ್ಲ. "ಇಷ್ಟಾದ್ರೂ ಮರ್ಯಾದಿ ಉಳೀತು ನೋಡ್ರಿ ಭಾವಾ" ಅಂದಳು ಅವರ ಹೆಂಡತಿ. ಈ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ ವೈದ್ಯರು ಕಾರಣ ಬರೆದ ನಮೂನೆಯ ಒಂದು ಪ್ರತಿ ಹತ್ತಿರದ ಸಂಬಂಧಿಗೂ ಸಿಗಬೇಕು. ಅದನ್ನು ಮನೆಯಲ್ಲಿ ಜೋಪಾನವಾಗಿಡಿ, ಸುಮ್ನೆ ಪ್ರಮಾಣಪತ್ರದ ಜೊತೆ ಪಿನ್ ಮಾಡಿ ಎಲ್ಲ ಕಡೆ ಕೊಡಬೇಡಿ.

ಜನನದ ಅರ್ಜಿಯಲ್ಲೂ ಇಂಥ ವ್ಯವಸ್ಥೆ ಇದೆ. ಅದಕ್ಕೆ ಎರಡು ಭಾಗ. ಧರ್ಮ, ಅಪ್ಪ-ಅಮ್ಮನ ಓದು, ಕೆಲಸ, ಮದುವೆಯಾದಾಗ ತಾಯಿಗೆ ಎಷ್ಟು ವಯಸ್ಸು, ಇವೆಲ್ಲ ಅಂಕಿಅಂಶದ ಭಾಗದಲ್ಲಿ ಬರುತ್ತವೆ. ಪ್ರಮಾಣಪತ್ರದಲ್ಲಿ ಇವು ಅಚ್ಚಾಗುವುದಿಲ್ಲ. ಕಾನೂನು ಇಷ್ಟು ಎಚ್ಚರ ವಹಿಸಿದೆ. ಆದರೆ ತಂಗಿಯ ಹೆರಿಗೆಯಾದ ಆಸ್ಪತ್ರೆಯಲ್ಲಿ ಇದೇ ಪ್ರಶ್ನೆಗಳನ್ನು ವಾರ್ಡಿನ ನಡುವೆ ನಿಂತು ಕೇಳಿದರು. ಮದುವೆಯ ವಯಸ್ಸಿನ ಪ್ರಶ್ನೆಗೆ ಅವಳು ಮೆಲ್ಲಗೆ ಉತ್ತರಿಸಿದಳು. "ಜೋರಾಗಿ ಹೇಳ್ರಿ ಅಕ್ಕಾ" ಅಂದರು ಬರೆದುಕೊಳ್ಳುವವರು. ಪಕ್ಕದ ಮಂಚದವರ ನೆಂಟರು ಬುತ್ತಿ ಬಿಚ್ಚುತ್ತಿದ್ದವರು ಕೈ ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ಅರ್ಜಿಯನ್ನು ತಾಯಿಯ ಕೈಗೆ ಕೊಟ್ಟು ತುಂಬಿಸಿಕೊಳ್ಳಬಹುದು, ಓದು ಬಾರದವರ ಹತ್ತಿರ ಕೂತು ಕಿವಿಯಲ್ಲಿ ಕೇಳಬಹುದು. ಇದಕ್ಕೇನು ಹೊಸ ಕಾನೂನು ಬೇಕೇ?

ದಾಖಲೆಯ ತಪ್ಪು ತಿದ್ದುವ ಕ್ರಮವೂ ಚೆನ್ನಾಗಿದೆ. ಅಣ್ಣನ ಮಗನ ದಾಖಲೆಯಲ್ಲಿ ತಾಯಿಯ ಹೆಸರು ತಪ್ಪಾಗಿತ್ತು. ಹಳೆಯದನ್ನು ಅಳಿಸಲಿಲ್ಲ. ರಿಜಿಸ್ಟರಿನ ಅಂಚಿನಲ್ಲಿ ಸರಿಯಾದ ಹೆಸರು ಬರೆದು, ತಾರೀಖು ಹಾಕಿ ಸಹಿ ಮಾಡಿದರು. ಮುಂದೆ ಯಾರಾದರೂ ತಕರಾರು ತೆಗೆದರೆ ಏನು ಯಾವಾಗ ಬದಲಾಯಿತು ಅಂತ ಕಣ್ಣಿಗೇ ಕಾಣುತ್ತದೆ.

ನನ್ನ ದೊಡ್ಡ ಚಿಂತೆ ಕಚೇರಿಯ ಹೊರಗಿನದು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಎಲ್ಲದಕ್ಕೂ ಹುಟ್ಟಿದ ದಿನ, ಜಾಗದ ಪುರಾವೆ ಅಂದರೆ ಜನನ ಪ್ರಮಾಣಪತ್ರವೇ. ಅಂಥದ್ದನ್ನು ನಾವು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಬಿಟ್ಟು ಬರುತ್ತೇವೆ. ಒಂದು ಸೆಂಟರಿನಲ್ಲಿ ಹುಡುಗ "ಹೀಂಗ ಇರ್ತದ ನೋಡ್ರಿ" ಅಂತ ಇನ್ಯಾರದೋ ಮಗುವಿನ ಪ್ರಮಾಣಪತ್ರ ತೆರೆದು ತೋರಿಸಿದ. ಅಪ್ಪ-ಅಮ್ಮನ ಹೆಸರು, ಮನೆ ವಿಳಾಸ ಎಲ್ಲ ಪರದೆಯ ಮೇಲಿತ್ತು. ಆವತ್ತಿನಿಂದ ಸ್ಕ್ಯಾನ್ ಆದ ಫೈಲನ್ನು ನನ್ನೆದುರೇ ಡಿಲೀಟ್ ಮಾಡಿಸಿ, ರಿಸೈಕಲ್ ಬಿನ್ ಖಾಲಿ ಮಾಡಿಸಿದ ಮೇಲೆಯೇ ದುಡ್ಡು ಕೊಡುತ್ತೇನೆ.