ಹಳ್ಳ ದಾಟೋಕೆ ಯಾವ ಸಂಕ?

ಮಳೆಗಾಲಕ್ಕೆ ಮುಂಚೆ ಊರಿನ ಹಳ್ಳಕ್ಕೆ ಯಾವ ಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ, ಹಾಕಿಸೋಣ ಅಂತ ಕೇಳಿದ್ದೀರಿ. ಮಲೆನಾಡಿನಲ್ಲಿ ಮೊದಲು ನೋಡಬೇಕಾದ್ದು ದುಡ್ಡಲ್ಲ, ಹಳ್ಳದ ಅಗಲ ಮತ್ತು ಆಷಾಢದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಅನ್ನೋದು. ದಡದ ಮರಗಳಿಗೆ ಸಿಕ್ಕಿಕೊಂಡ ಕಸಕಡ್ಡಿ ನೋಡಿದರೆ ಗೊತ್ತಾಗುತ್ತದೆ.

ಖರ್ಚಿನಲ್ಲಿ ಅಡಿಕೆ ಮರದ ಸಂಕವನ್ನು ಮೀರಿಸೋದು ಯಾವುದೂ ಇಲ್ಲ. ತೋಟದ ಮುದಿ ಮರ, ನಾಲ್ಕು ಆಳು, ಒಂದು ದಿನದ ಕೆಲಸ. ಆದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಿರುಳು ಕೊಳೆತಿರುತ್ತದೆ, ಮೇಲೆ ನೋಡಿದರೆ ಗಟ್ಟಿಯೇ ಕಾಣುತ್ತದೆ. ಪಾಚಿ ಬೇರೆ. ಶಾಲೆ ಮಕ್ಕಳು ಓಡಾಡುವ ದಾರಿಗೆ ನಾನಂತೂ ಇದನ್ನು ಹೇಳೋದಿಲ್ಲ. ತೋಟಕ್ಕೆ ಹೋಗಿಬರಲು ಧಾರಾಳ ಸಾಕು.

ಹಳ್ಳ ಕಿರಿದು, ದಡದಲ್ಲಿ ಬಂಡೆ ಇದೆ ಅಂದರೆ ಕಾಂಕ್ರೀಟ್ ಕಾಲುಸಂಕ. ದುಬಾರಿ, ಪಂಚಾಯ್ತಿಗೆ ಅಲೆದಾಟವೂ ಉಂಟು, ಆಮೇಲೆ ದಶಕಗಳ ನಿಶ್ಚಿಂತೆ. ಅಗಲ ಬಿಟ್ಟು ಕಟ್ಟಿಸಿದರೆ ಬೈಕೂ ಹೋಗುತ್ತದೆ. ನಡುವೆ ಕಂಬ ಬೇಡ. ತೇಲಿಬರುವ ದಿಮ್ಮಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ದಾಟಬೇಕಾದ್ದು ಅಗಲದ ಹೊಳೆಯಾದರೆ ತೂಗುಸೇತುವೆ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಕಟ್ಟಿದ್ದು ಇದನ್ನೇ. ಆಮೇಲೆ ಅವರು ಕಟ್ಟಿದ ಇಂಥವು ನೂರಕ್ಕೂ ಹೆಚ್ಚು. ನೀರಿನಲ್ಲಿ ಕಂಬವೇ ಇರದ ಕಾರಣ ಅಗಲಕ್ಕೆ ಹೆದರಬೇಕಿಲ್ಲ. ಆದರೆ ಹಗ್ಗ, ಬೋಲ್ಟು, ಹಲಗೆಗಳನ್ನು ಪ್ರತಿವರ್ಷ ನೋಡುವ ಜನ ಊರಲ್ಲಿ ಬೇಕು. ತೀರಾ ದೊಡ್ಡ ನೆರೆ ಹಲಗೆಯ ಮಟ್ಟಕ್ಕೆ ಬಂದರೆ ಇದೂ ಉಳಿಯೋದಿಲ್ಲ. ಹಾಗಾಗಿ ಎತ್ತರದ ವಿಷಯದಲ್ಲಿ ಎಂಜಿನಿಯರ್ ಹೇಳಿದ್ದಕ್ಕಿಂತ ಮೊದಲು ಊರಿನ ಹಿರಿಯರನ್ನು ಕೇಳಿ.